ಕಾಚಿಗುಡದ ನಡುಗಡ್ಡೆ

ರಾಯಚೂರು ತಾಲೂಕಿನ ಅಂಚಿನಲ್ಲಿ ಕೃಷ್ಣಾನದಿಯು ಕವಲೊಡೆದು ಹರಿದು ಮರಳಿ ಕೂಡಿಕೊಳ್ಳುವ ಎಡೆಗಳಲ್ಲಿ ಕುರ್ವಕಲಾ, ಕುರ್ವಕುರ್ದಾ ಎಂಬ ನಡುಗಡ್ಡೆಯ ಊರುಗಳಿವೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವೆಂದು ಹೆಸರಾದ ಕುರವಪುರವೂ ಅದೇ ಹೊಳೆಯ ನಡುವೆಯೇ ಇದೆ. ನನ್ನ ಅಜ್ಜಿಯು ಇಂತಹ ಗಡ್ಡೆಯೊಂದರಲ್ಲಿ ಹುಟ್ಟಿ ಬೆಳೆದು, ನಿಜಾಮರ ಆಳಿಕೆಯ ಕಡೆಯ ವರ್ಷಗಳಲ್ಲಿ ಹೈದರಾಬಾದಿನ ಕಾಚಿಗುಡಕ್ಕೆ ಸೊಸೆಯಾಗಿ ಬಂದವಳು. ಮೇಲುನಾಡಿನಲ್ಲಿ ಮಳೆಯಾಗಿ ಹೊಳೆಯು ತುಂಬಿ ಬಂದಿತೆಂದರೆ ಹರಿಗೋಲು ನಿಂತುಹೋಗುತ್ತಿದ್ದಿತೆಂದೂ, ಜೋಳ, ಉಪ್ಪು, ಸೀಮೆಎಣ್ಣೆಗಳನ್ನು ಮಿರಗದ ಮಳೆಗೆ ಮುಂಚೆಯೇ ಕೂಡಿಟ್ಟುಕೊಳ್ಳದ ಸಂಸಾರಕ್ಕೆ ಅಲ್ಲಿ ಬಾಳುವೆಯಿಲ್ಲವೆಂದೂ ಅವಳು ನಮಗೆ ಹೇಳುತ್ತಿದ್ದಳು. ಅದಕ್ಕಿಂತಲೂ ಹೆಚ್ಚಾಗಿ ಅವಳು ನೆನೆಯುತ್ತಿದ್ದುದು ಅಲ್ಲಿನ ಹೆಂಗಸರ ಒಂದು ಪರಿಪಾಠವನ್ನು: ನೆರೆಯ ದಿನಗಳಲ್ಲಿ ಅವರು ಮುಂಜಾನೆ ಎದ್ದೊಡನೆ ಅಂಗಳಕ್ಕೆ ಬಂದು, ಯಾರ ಮನೆಯ ಮಾಳಿಗೆಯ ಮೇಲೆ ಇನ್ನೂ ಒಲೆಯ ಹೊಗೆ ಕಾಣಿಸಿಲ್ಲವೆಂದು ಸುತ್ತಲೂ ಕಣ್ಣಾಡಿಸುವರಂತೆ, ಕಾಣಿಸದಿದ್ದ ಮನೆಗೆ ಯಾರಾದರೊಬ್ಬರು ಕೆಂಡವನ್ನೋ ಹಿಟ್ಟನ್ನೋ ಹಿಡಿದು ನಡೆಯುವರಂತೆ.

ಅವಳು ಬಂದು ಸೇರಿದ ಕಾಚಿಗುಡವೂ ಇನ್ನೊಂದು ಬಗೆಯ ನಡುಗಡ್ಡೆಯೇ ಆಗಿದ್ದಿತು. ತೆಲುಗು, ಮರಾಠಿ, ಕನ್ನಡ ಈ ಮೂರು ನುಡಿಗಳ ಸೀಮೆಗಳು ಉರ್ದುವಿನ ಆಡಳಿತದಡಿಯಲ್ಲಿ ಒಂದೇ ಸಂಸ್ಥಾನವಾಗಿದ್ದ ಆ ಕಾಲದಲ್ಲಿ, ಬೀದರ, ಕಲಬುರ್ಗಿ, ರಾಯಚೂರುಗಳಿಂದ ವಿದ್ಯೆಗೆಂದೂ ವಕೀಲಿಗೆಂದೂ ಕಚೇರಿಯ ಚಾಕರಿಗೆಂದೂ ರಾಜಧಾನಿಗೆ ಬಂದ ಕನ್ನಡಿಗರಲ್ಲಿ ಅನೇಕರು, 1916ರಲ್ಲಿ ಕಟ್ಟಿದ ಕಾಚಿಗುಡ ನಿಲ್ದಾಣದ ಆಸುಪಾಸಿನ ಓಣಿಗಳಲ್ಲಿ, ಊರಿಗೆ ಹೋಗುವ ಗಾಡಿಯ ಸಿಳ್ಳು ಕೇಳುವಷ್ಟು ಹತ್ತಿರದಲ್ಲಿ ಮನೆ ಹಿಡಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಡಿ.ಕೆ. ಭೀಮಸೇನರಾಯರಂತಹ ವಿದ್ವಾಂಸರು ಕನ್ನಡವನ್ನು ಬೋಧಿಸಿದರು; ಕರ್ನಾಟಕ ಸಾಹಿತ್ಯ ಮಂದಿರವು ನೆಲೆಗೊಂಡಿತು; ನೃಪತುಂಗನ ಹೆಸರಿನ ಶಾಲೆಯಲ್ಲಿ ಮಕ್ಕಳು ಕನ್ನಡದಲ್ಲಿ ಮಗ್ಗಿ ಕಲಿತರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿಹೋಯಿತು. 1956ರ ನವೆಂಬರ್ 1ರಂದು ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸಂದುವು. ರಾಜಧಾನಿಯಲ್ಲಿದ್ದ ಕನ್ನಡಿಗರಾದರೋ ಇದ್ದಲ್ಲಿಯೇ ಇದ್ದರು. ಅವರ ಬೆನ್ನಿಗಿದ್ದ ನಾಡು ಮಾತ್ರ ಒಂದು ರಾತ್ರಿ ಕಳೆಯುವುದರೊಳಗಾಗಿ ಗಡಿಯ ಆಚೆಗೆ ಸರಿದುಹೋಯಿತು. ಅಂದಿನಿಂದ ನಮ್ಮ ಹಿರಿಯರು ಅಂಗಡಿಯಲ್ಲಿ ತೆಲುಗನ್ನೂ, ಕಚೇರಿಯಲ್ಲಿ ಉರ್ದುವನ್ನೂ, ನೆರೆಮನೆಯ ಪಾಟೀಲರೊಡನೆ ಮರಾಠಿಯನ್ನೂ ಆಡಿ, ಸಂಜೆ ಮನೆಯ ಬಾಗಿಲನ್ನು ದಾಟಿದೊಡನೆ ಕನ್ನಡಕ್ಕೆ ಹಿಂದಿರುಗುತ್ತ ಬಾಳಿದರು.

ಮಹಾಮಾರಿಯ ಅನುಭವವು ಈ ನಗರಕ್ಕೆ ಹೊಸದೇನೂ ಅಲ್ಲ. ಸಾಂಕ್ರಾಮಿಕವೊಂದು ತೊಲಗಿದುದರ ನೆನಪಿಗಾಗಿಯೇ ಚಾರ್‌ಮಿನಾರನ್ನು 1591ರಲ್ಲಿ ಕಟ್ಟಿದರೆಂಬ ಐತಿಹ್ಯವಿದೆ. ಆಷಾಢದ ಬೋನಾಲು ಹಬ್ಬದ ಮೂಲವನ್ನು 1813ರ ಮಾರಿಬೇನೆಯೊಡನೆ ಜನರು ಜೋಡಿಸುತ್ತಾರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ನಗರವನ್ನೇ ಕೊಚ್ಚಿದ ಮೇಲೆ, ನಿಜಾಮರ ಆಹ್ವಾನದಂತೆ ಬಂದು ನೆರೆಯನ್ನು ತಡೆಯುವ ಜಲಾಶಯಗಳಿಗೂ ಒಳಚರಂಡಿಗೂ ಯೋಜನೆ ಹಾಕಿಕೊಟ್ಟವರು ನಮ್ಮ ವಿಶ್ವೇಶ್ವರಯ್ಯನವರು. ಆ ಬಳಿಕ 1911ರಲ್ಲಿ ಪ್ಲೇಗು ಬಂದಿತು; ಅದರ ಬೆನ್ನಿಗೆ, 1912ರಲ್ಲಿ, ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಕಟ್ಟಲು ನಗರಾಭಿವೃದ್ಧಿಯ ಮಂಡಳಿಯು ಹುಟ್ಟಿತು. ನಮ್ಮ ಓಣಿಗೆ ಸಮೀಪದಲ್ಲಿಯೇ, ನಲ್ಲಕುಂಟದಲ್ಲಿ, ಅಂಟುಜಾಡ್ಯಗಳಿಗೆಂದೇ ಮೀಸಲಾದ ಸರಕಾರಿ ಆಸ್ಪತ್ರೆಯೊಂದಿದೆ. ಹಳಬರ ಬಾಯಲ್ಲಿ ಅದು ಇಂದಿಗೂ ಕೋರಂಟಿ ದವಾಖಾನೆ. ಬಾಲ್ಯದಲ್ಲಿ ನಮಗೆ ಆ ಗೋಡೆಯ ಬಳಿ ಆಡಬಾರದೆಂಬ ಕಟ್ಟಪ್ಪಣೆಯಿದ್ದಿತು.

ಕೋವಿಡ್ ವ್ಯಾಧಿಯು ನಮ್ಮ ತೆಲಂಗಾಣ ರಾಜ್ಯಕ್ಕೆ ಕಾಲಿಟ್ಟುದು ಬೆಂಗಳೂರಿನ ಹಾದಿಯಾಗಿ ಎಂಬುದು ಕಾಚಿಗುಡದವರಿಗೆ ಒಂದು ಬಗೆಯ ನೋವನ್ನುಂಟುಮಾಡಿದ ಸಂಗತಿ. ದುಬೈಯಿಂದ ಬೆಂಗಳೂರಿಗೆ ಬಂದು ಅಲ್ಲಿಂದ ಬಸ್ಸಿನಲ್ಲಿ ಹೈದರಾಬಾದಿಗೆ ಬಂದ ತರುಣನೊಬ್ಬನಲ್ಲಿ ಅದು ಕಾಣಿಸಿಕೊಂಡಿತೆಂದು 2020ರ ಮಾರ್ಚ್ 2ರಂದು ತಿಳಿದುಬಂದಿತು. ಆ ತಿಂಗಳ 22ರ ಬಳಿಕ ಪ್ರಯಾಣಿಕರ ಗಾಡಿಗಳೆಲ್ಲ ನಿಂತುವು. ತೊಟ್ಟಿಲಲ್ಲಿದ್ದಾಗಿನಿಂದ ಗಾಡಿಯ ಸದ್ದಿನಲ್ಲಿಯೇ ಮಲಗಿ ಎದ್ದು ಮಾಡಿದ್ದ ನಮಗೆ ಆ ಬೇಸಿಗೆಯ ರಾತ್ರಿಗಳಲ್ಲಿ ನಿದ್ರೆ ಹತ್ತುವುದೇ ಕಷ್ಟವಾಯಿತು. ಆದರೂ ಮೊದಲನೆಯ ವರ್ಷವನ್ನು ನಾವು ಹೇಗೋ ದಾಟಿದೆವು. ಖಡಕ್ ರೊಟ್ಟಿಯನ್ನು ಬಡಿದು ಒಣಗಿಸಿ ಡಬ್ಬಿಗಳಲ್ಲಿ ತುಂಬಿಡುವ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳನ್ನು ಕುಟ್ಟಿ ಭರಣಿಯಲ್ಲಿ ಇಳಿಸಿಡುವ ಕಲೆಯು ನಮ್ಮ ಮನೆಗಳಲ್ಲಿ ಇನ್ನೂ ಅಳಿದಿರಲಿಲ್ಲ. ದುರ್ಭರವಾದುದು 2021ರ ಮೇ ತಿಂಗಳು. ನಾನು ಹೇಳಹೊರಟಿರುವುದು ಆ ಒಂದು ತಿಂಗಳ ಮಾತನ್ನೇ.

ಮೇ 12ರಿಂದ ಸರಕಾರವು ಮತ್ತೆ ದಿಗ್ಬಂಧನವನ್ನು ವಿಧಿಸಿತು. ಬೆಳಗಿನ 6ರಿಂದ 10ರವರೆಗೆ ಮಾತ್ರ ಹೊರಗೆ ಓಡಾಡಲು ಅವಕಾಶ. ಆ ನಾಲ್ಕು ತಾಸುಗಳಲ್ಲಿ ಹಾಲು, ತರಕಾರಿ, ಔಷಧ, ಬ್ಯಾಂಕು, ಮತ್ತು ಸತ್ತವರ ಮನೆಯ ಹೊಸ್ತಿಲಲ್ಲಿ ನಿಂತು ಆಡುವ ಎರಡು ಮಾತು, ಇವೆಲ್ಲ ಮುಗಿಯಬೇಕಾಗಿದ್ದಿತು. ಆ ವೇಳೆಗಾಗಲೇ ನಮ್ಮ ಓಣಿಗಳಲ್ಲಿ ವ್ಯಾಧಿ ಹೊಗದ ಮನೆಯು ಅಪರೂಪವಾಗಿದ್ದಿತು. ಅಂಥದರಲ್ಲಿ ಉಳಿದಿದ್ದವರು ಬಹುಮಟ್ಟಿಗೆ ಮುದುಕರು. ಮಕ್ಕಳೆಲ್ಲ ಅಮೆರಿಕದಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ. ಬೆಂಗಳೂರಿನ ಸ್ಥಿತಿಯು ನಮ್ಮದಕ್ಕಿಂತಲೂ ಭೀಕರವಾಗಿದ್ದುದರಿಂದ ಅಲ್ಲಿಂದ ಯಾರೂ ಬರುವಂತಿರಲಿಲ್ಲ, ಬರುವಂತಿದ್ದರೂ ಬಾರದಿರಲೆಂದೇ ನಾವು ಬಯಸುತ್ತಿದ್ದೆವು.

ಈ ಮುದುಕರನ್ನೆಲ್ಲ ಒಂದು ಎಳೆಯಲ್ಲಿ ಹಿಡಿದಿದ್ದವಳು ನಾವೆಲ್ಲರೂ ಬೀದರದ ಅಕ್ಕ ಎಂದು ಕರೆಯುತ್ತಿದ್ದ ಒಬ್ಬ ಹೆಣ್ಣುಮಗಳು. ವಯಸ್ಸು ಎಪ್ಪತ್ತರ ಆಸುಪಾಸು, ಗಂಡನಿಲ್ಲ, ಇದ್ದೊಬ್ಬ ಮಗನು ಪರದೇಶದಲ್ಲಿ. ಅವಳ ಬಳಿ ನೂರು ಹಾಳೆಯ ರೂಲು ಹಾಕಿದ ಒಂದು ನೋಟುಪುಸ್ತಕವಿದ್ದಿತು. ಅದರಲ್ಲಿ ಕನ್ನಡದ ಮನೆಗಳ ದೂರವಾಣಿಯ ಅಂಕೆಗಳನ್ನು ಆಕೆ ತನ್ನ ದುಂಡು ಅಕ್ಷರಗಳಲ್ಲಿ ಬರೆದಿಟ್ಟುಕೊಂಡಿದ್ದಳು. ಮನೆಯವರ ಹೆಸರು ಗೊತ್ತಿದ್ದರೂ ಅದನ್ನು ಬರೆಯದೆ, ‘ಬಡೀ ಚೌಡಿ ವಕೀಲರು’, ‘ಲಿಂಗಂಪಲ್ಲಿ ಸುರಪುರದವರು’, ‘ಬರ್ಕತ್‌ಪುರ ಕಣ್ಣು ಕಾಣದ ಅಜ್ಜಿ’ ಎಂದೇ ಬರೆದಿದ್ದಳು. ಮುಂಜಾನೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗದ ಪೂಜೆಯಾದ ಕೂಡಲೇ ಅವಳು ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಸಾಲಿನಿಂದ ತೊಡಗುವಳು. “ಎದ್ದೀರೇನ್ರೀ? ಬೆರಳಿಗಿ ಹಾಕಿ ನೋಡಿದ್ರೇನು? ಎಷ್ಟದ?” ಎಂಬುದು ಅವಳ ಪ್ರಶ್ನೆ. ಆಕ್ಸಿಮೀಟರು ತೋರಿಸಿದ ಅಂಕೆಯನ್ನು ಆ ಮನೆಯ ಎದುರಿಗೆ ಪೆನ್ಸಿಲಿನಲ್ಲಿ ಗುರುತಿಸುವಳು. 94ಕ್ಕಿಂತ ಕಡಮೆಯಾಯಿತೆಂದರೆ ಒಂದು ಗೆರೆಯನ್ನೆಳೆದು, ಕಾಲಲ್ಲಿ ಇನ್ನೂ ಕಸುವುಳಿದಿದ್ದ ನಮ್ಮಂಥವರಿಗೆ ತಿಳಿಸುವಳು. ಯಾರೂ ಫೋನು ಎತ್ತದಿದ್ದ ಮನೆಗೆ ನಮ್ಮಲ್ಲೊಬ್ಬರು ನಡೆದುಹೋಗಿ ಕಿಟಕಿಯಿಂದ ಕೂಗಿ ನೋಡಿ ಬರಬೇಕು. ಅಜ್ಜಿಯು ಹೇಳುತ್ತಿದ್ದ ಒಲೆಯ ಹೊಗೆಯನ್ನು ನಾನು ಆ ದಿನಗಳಲ್ಲಿ ನೆನೆಯದ ಮುಂಜಾನೆಯಿಲ್ಲ.

ಮೇ 14ರಂದು ಬಸವ ಜಯಂತಿಯೂ ರಂಜಾನ್ ಹಬ್ಬವೂ ಒಟ್ಟಿಗೆ ಬಂದುವು. ಅಕ್ಕನ ಮನೆಗೆ ಎದುರಿನಲ್ಲಿ ಸ್ಕೂಟರುಗಳ ರಿಪೇರಿ ಮಾಡುವ ಒಬ್ಬ ಸಾಹೇಬರ ವಾಸ. ಆ ದಿನ ಬೆಳಿಗ್ಗೆ ಅವರ ಹೆಣ್ಣುಮಕ್ಕಳು ಸ್ಟೀಲಿನ ಡಬ್ಬಿಯಲ್ಲಿ ಶೀರ್ ಖುರ್ಮಾವನ್ನು ತಂದು ಅಕ್ಕನ ಗೇಟಿನ ಕಂಬದ ಮೇಲಿಟ್ಟು, ದೂರ ಸರಿದು ನಿಂತು, “ಈದ್ ಮುಬಾರಕ್ ಖಾಲಾ” ಎಂದು ಕೂಗಿದರು. ಅಕ್ಕನು ಅದೇ ಡಬ್ಬಿಯನ್ನು ತೊಳೆದು ಗೋಧಿ ಹುಗ್ಗಿಯನ್ನು ತುಂಬಿ ಅದೇ ಕಂಬದ ಮೇಲಿಟ್ಟಳು. ಅದೇ ದಿವಸ ಇನ್ನೊಂದು ಸಮಾಚಾರವೂ ಬಂದಿತು. ಮೊದಲೇ ಹಾಸಿಗೆಯನ್ನು ನಿಶ್ಚಯಿಸಿಕೊಳ್ಳದೆ ನೆರೆಯ ರಾಜ್ಯಗಳಿಂದ ಬರುವ ರೋಗಿಗಳಿಗೆ ಪ್ರವೇಶವಿಲ್ಲವೆಂದು ಆ ವಾರದಲ್ಲಿ ಹೊರಟಿದ್ದ ಸರಕಾರಿ ಆಜ್ಞೆಗೆ ತೆಲಂಗಾಣದ ಉಚ್ಚ ನ್ಯಾಯಾಲಯವು ತಡೆಯೊಡ್ಡಿತ್ತು. ಬೀದರ, ರಾಯಚೂರುಗಳ ಜನರಿಗೆ ಹೈದರಾಬಾದು ತಲೆತಲಾಂತರದಿಂದ ದವಾಖಾನೆಯ ಊರು. ಹೆರಿಗೆಗೆ, ಹೃದಯಕ್ಕೆ, ಕಣ್ಣಿನ ಪೊರೆಗೆ ಅವರು ಬರುವುದು ಇಲ್ಲಿಗೇ, ಇಳಿದುಕೊಳ್ಳುವುದು ನಮ್ಮಂತಹವರ ಮನೆಗಳಲ್ಲಿಯೇ. 1956ರಲ್ಲಿ ಎಳೆದ ಗೆರೆಯೊಂದು ಉಸಿರು ಸಿಕ್ಕದವನ ಗಾಡಿಗೆ ಅಡ್ಡವಾಗಬಹುದೆಂಬುದನ್ನು ನಮ್ಮ ಹಿರಿಯರು ಕನಸಿನಲ್ಲಿಯೂ ಎಣಿಸಿದವರಲ್ಲ. ಅಕ್ಕನು ಆ ಸಮಾಚಾರವನ್ನು ಪುಸ್ತಕದಲ್ಲಿದ್ದ ಪ್ರತಿಯೊಂದು ಮನೆಗೂ ಫೋನು ಮಾಡಿ ತಿಳಿಸಿದಳು.

ಅದರ ಮಾರನೆಯ ವಾರ ನಮ್ಮ ಮಾಸ್ತರು ದವಾಖಾನೆಯನ್ನು ಸೇರಿದರು. ದೇವದುರ್ಗದ ಕಡೆಯವರು, ಉರ್ದುವಿನಲ್ಲಿ ಓದಿ, ಕನ್ನಡವನ್ನು ಕಲಿಸಿ, ಮೂರು ತಲೆಮಾರಿನ ಮಕ್ಕಳಿಂದ ಗುರುಗಳೆನ್ನಿಸಿಕೊಂಡವರು. ಅವರ ಉರ್ದುವನ್ನು ಕೇಳಿ ಹಳೆಯ ಊರಿನ ನವಾಬ ಮನೆತನದವರೂ ತಲೆದೂಗುತ್ತಿದ್ದುದನ್ನು ನಾನು ಬಲ್ಲೆ. ಅಂತಹವರಿಗೆ ಜ್ವರದ ತಾಪವೇರಿದೊಡನೆ ಉರ್ದುವೂ ಹೋಯಿತು, ತೆಲುಗೂ ಹೋಯಿತು, ಅಷ್ಟೇಕೆ, ತಾವು ಜೀವಮಾನವೆಲ್ಲ ಕಲಿಸಿದ ಗ್ರಂಥಸ್ಥವಾದ ಕನ್ನಡವೂ ಹೋಯಿತು. ಎಂಟು ವರ್ಷದ ಹುಡುಗನು ದೇವದುರ್ಗದ ಹೊಲದ ಬದುವಿನ ಮೇಲೆ ನಿಂತು ಆಡುತ್ತಿದ್ದ ಮಾತೊಂದೇ ಅವರಲ್ಲಿ ಉಳಿಯಿತು. ದಾದಿಯರು ಏನು ಹೇಳಿದರೂ ಅವರಿಗೆ ತಿಳಿಯದು. ಮುಖದ ಮುಸುಕನ್ನು ಕಿತ್ತು ಎಸೆಯುವರು. ಬೋರಲು ಮಲಗಿದರೆ ಉಸಿರಾಟವು ಸಲೀಸಾಗುವುದೆಂದು ವೈದ್ಯರು ಸನ್ನೆಮಾಡಿದರೆ ಮಂಚದಿಂದಿಳಿದು ಮನೆಗೆ ಹೊರಡುವರು. ಒಳಗೆ ಹೋಗಲು ನಮಗಾರಿಗೂ ಅನುಮತಿಯಿಲ್ಲ. ಆಗ ಆ ವಾರ್ಡಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನು ತನ್ನ ಫೋನಿನಿಂದ ನಮಗೆ ಕರೆಮಾಡಿದನು. ಅವನು ತೆಲಂಗಾಣದವನೇ, ಆದರೆ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದವನು. ಹೊಳೆಯ ಈಚೆಯ ದಡದ ಆ ಊರುಗಳಲ್ಲಿ ಮನೆಮಾತು ಕನ್ನಡವೇ ಆಗಿರುವುದುಂಟು. ಗಾಬರಿಯಾಗಬೇಡಿರೆಂದು ನಮಗೆ ಹೇಳಿ, ಫೋನನ್ನು ತೆರೆದೇ ಇಟ್ಟುಕೊಂಡು ಅವನು ಮಂಚದ ಬಳಿಗೆ ಹೋದುದು ನಮಗೆ ಕೇಳಿಸುತ್ತಿದ್ದಿತು. “ಅಜ್ಜಾರ, ಒಂಚೂರು ಬೋರಲ ಮಕ್ಕೋರಿ. ಉಸುರು ಹಗುರಾಗ್ತದ. ನಾ ಇಲ್ಲೇ ಕುಂತಿರ್ತೀನಿ.” ತುಸು ಹೊತ್ತು ಯಂತ್ರಗಳ ಸದ್ದು ಮಾತ್ರ. ಅನಂತರ ಮಾಸ್ತರ ಧ್ವನಿ: “ನೀ ಯಾವೂರಾಂವ?” ಹುಡುಗನು ಊರನ್ನು ಹೇಳಿದನು. “ಹಂಗಾರ ಮಕ್ಕೋತೀನಿ” ಎಂದರು ಮಾಸ್ತರು.

ಔಷಧವು ಅವರನ್ನು ಉಳಿಸಿತೆಂಬುದನ್ನೂ ವೈದ್ಯರ ಶ್ರಮವನ್ನೂ ನಾನು ಅಲ್ಲಗಳೆಯುವವನಲ್ಲ. ಆದರೆ ಆ ಔಷಧವು ಒಳಗೆ ಇಳಿಯುವಂತೆ ಮಾಡಿದವನು ಆ ಹುಡುಗನೆಂಬುದರಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ.

ಮನೆಗೆ ಬಂದ ಮೇಲೂ ಮಾಸ್ತರಿಗೆ ಆಮ್ಲಜನಕದ ಯಂತ್ರವು ಬೇಕಾಯಿತು. ಅದು ಆ ದಿನಗಳಲ್ಲಿ ಚಿನ್ನ ಕೊಟ್ಟರೂ ಸಿಕ್ಕುವಂತಿರಲಿಲ್ಲ. ಇಲ್ಲಿ ನಾನು ಹೈದರಾಬಾದಿನ ಇನ್ನೊಂದು ಕನ್ನಡವನ್ನು ಕುರಿತು ಹೇಳಬೇಕು. ನಗರದ ಪಶ್ಚಿಮಕ್ಕೆ, ಕೊಂಡಾಪುರ, ಗಚ್ಚಿಬೌಲಿ, ಮಾದಾಪುರಗಳ ಗಗನಚುಂಬಿ ಕಟ್ಟಡಗಳಲ್ಲಿ, ಮೈಸೂರು, ಹಾಸನ, ಶಿವಮೊಗ್ಗದ ಕಡೆಗಳಿಂದ ಗಣಕದ ಉದ್ಯೋಗಕ್ಕೆಂದು ಬಂದ ತರುಣ ತರುಣಿಯರು ನೆಲೆಸಿದ್ದಾರೆ. ಅವರಿಗೆ ಕಾಚಿಗುಡವೆಂಬುದು ಒಂದು ರೈಲು ನಿಲ್ದಾಣ; ನಮಗೆ ಅವರು ಸಂಜೆಯ ಗಾಡಿಗೆ ಚೀಲ ಹೊತ್ತು ಓಡುವ ಅಪರಿಚಿತರು. ಒಂದೇ ನಗರದಲ್ಲಿ ಇಷ್ಟು ವರ್ಷ ಬಾಳಿಯೂ ಈ ಎರಡು ಕನ್ನಡಗಳಿಗೆ ಪರಸ್ಪರ ಪರಿಚಯವಾಗಿರಲಿಲ್ಲ. ಹೇಗೋ ಯಾರ ಯಾರ ಮೂಲಕವೋ ಮಾಸ್ತರ ಸುದ್ದಿಯು ಹಾಸನದ ಕಡೆಯ ಒಬ್ಬ ಹುಡುಗಿಯನ್ನು ಮುಟ್ಟಿತು. ಬಾಡಿಗೆಯ ಫ್ಲಾಟಿನಲ್ಲಿ ಒಂಟಿಯಾಗಿದ್ದ ಆಕೆಯು ಅಕ್ಕನಿಗೆ ಕರೆಮಾಡಿ, “ಗಾಬರಿ ಮಾಡ್ಕೋಬೇಡಿ ಅಜ್ಜಿ, ಒಂದು ಗಂಟೆ ಟೈಮ್ ಕೊಡಿ” ಎಂದಳಂತೆ. ಸಂಜೆಯೊಳಗೆ ಯಂತ್ರವು ಮಾಸ್ತರ ಮನೆಯ ಬಾಗಿಲಿಗೆ ಬಂದಿತು. “ಎಷ್ಟು ನಯವಾಗಿ ಮಾತಾಡ್ತಾಳ್ರೀ ಆ ಹುಡುಗಿ, ಪುಸ್ತಕ ಓದಿದ್ಹಂಗ” ಎಂದು ಅಕ್ಕನು ನನಗೆ ಎರಡು ಸಲ ಹೇಳಿದಳು. ಅಂದಿನಿಂದ ದಿನವೂ ಅವರಿಬ್ಬರ ಮಾತುಕತೆ ನಡೆಯಿತು. ಯಾವ ದವಾಖಾನೆಯಲ್ಲಿ ಹಾಸಿಗೆ ತೆರವಾಗಿದೆ, ಎಲ್ಲಿ ಔಷಧ ಬಂದಿದೆ ಎಂಬುದನ್ನೆಲ್ಲ ಆ ಹುಡುಗಿಯು ಹುಡುಕಿ ಹೇಳುವಳು, ಅಕ್ಕನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುವಳು.

ಮೇ ತಿಂಗಳ ಕಡೆಯ ವಾರದಲ್ಲಿ ಒಂದು ಮುಂಜಾನೆ ಯಾರ ಮನೆಗೂ ಅಕ್ಕನ ಕರೆ ಬರಲಿಲ್ಲ. ಪುಸ್ತಕವೆಲ್ಲ ಅವಳ ಬಳಿಯೇ ಇದ್ದುದರಿಂದ, ತನಗೊಬ್ಬನಿಗೇ ಕರೆ ತಪ್ಪಿತೇನೋ ಎಂದು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಎಣಿಸಿದರು. ಎದುರುಮನೆಯ ಸಾಹೇಬರು ಗೇಟಿನ ಬಳಿಯ ಹಾಲಿನ ಪೊಟ್ಟಣವು ಹಾಗೆಯೇ ಬಿದ್ದಿರುವುದನ್ನು ಕಂಡು ಒಳಗೆ ಹೋಗಿ ನೋಡಿದರು. ದವಾಖಾನೆಗೆ ಸಾಗಿಸಿದ ಎರಡನೆಯ ದಿನ ಅಕ್ಕನು ತೀರಿಕೊಂಡಳು.

ಲಿಂಗವಂತರಲ್ಲಿ ಮೃತರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಸಮಾಧಿ ಮಾಡುವುದು ಸಂಪ್ರದಾಯ. ದವಾಖಾನೆಯವರು ಬಿಗಿದುಕೊಟ್ಟ ಚೀಲವನ್ನು ಬಿಚ್ಚುವಂತಿರಲಿಲ್ಲ, ಮಲಗಿಸಿಯೇ ಮಣ್ಣುಮಾಡಬೇಕಾಯಿತು. ಕುಣಿ ತೋಡುವವರು ಆ ದಿನಗಳಲ್ಲಿ ಯಾರಿಗೂ ಸಿಕ್ಕುತ್ತಿರಲಿಲ್ಲ. ಸಾಹೇಬರು ತಮ್ಮ ಕಬರಸ್ತಾನದಲ್ಲಿ ಹಗಲಿರುಳೂ ಗೋರಿ ತೋಡುತ್ತಿದ್ದ ಇಬ್ಬರನ್ನು ಕರೆತಂದರು. ಮರಾಠಿಯ ಪಾಟೀಲರ ಮಗನೂ ನಾನೂ ಸಾಹೇಬರೂ ಅವರ ತಮ್ಮನೂ ಚೀಲದ ನಾಲ್ಕು ತುದಿಗಳನ್ನು ಹಿಡಿದು ಇಳಿಸಿದೆವು. ಬೀದರದಿಂದ ಜಂಗಮರೊಬ್ಬರು ಫೋನಿನಲ್ಲಿಯೇ ಮಂತ್ರಗಳನ್ನು ಹೇಳಿದರು. ಪರದೇಶದಲ್ಲಿದ್ದ ಮಗನು ಇನ್ನೊಂದು ಫೋನಿನ ಪರದೆಯಲ್ಲಿ ನೋಡುತ್ತ ಕುಳಿತಿದ್ದನು. ಚೀಲದ ಮೇಲೆ ಹಣೆಯ ಭಾಗವು ಎಲ್ಲಿರಬಹುದೆಂದು ಅಂದಾಜುಮಾಡಿ ನಾನು ವಿಭೂತಿಯನ್ನು ಹಚ್ಚಿದೆನು. ಕುಣಿ ತೋಡಿದವರು ಕೂಲಿಯನ್ನು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಆ ನೋಟುಪುಸ್ತಕವು ನನ್ನ ಪಾಲಿಗೆ ಬಂದಿತು. ಮಾರನೆಯ ಬೆಳಿಗ್ಗೆ ಮೊದಲ ಸಾಲಿನಿಂದಲೇ ತೊಡಗಬೇಕೆಂದು ಅದನ್ನು ಬಿಡಿಸಿದಾಗ ಪುಟಗಳನ್ನೆಲ್ಲ ತಿರುವಿ ನೋಡಿದೆನು. ವಕೀಲರಿದ್ದರು, ಸುರಪುರದವರಿದ್ದರು, ಕಣ್ಣು ಕಾಣದ ಅಜ್ಜಿಯಿದ್ದಳು, ದಿನದಿನದ ಅಂಕೆಗಳೆಲ್ಲ ಪೆನ್ಸಿಲಿನಲ್ಲಿದ್ದುವು; ಅಕ್ಕನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಎಲ್ಲರ ಉಸಿರನ್ನೂ ಎಣಿಸಿದವಳ ಉಸಿರನ್ನು ಎಣಿಸುವ ಸಾಲೊಂದು ಆ ಪುಸ್ತಕದಲ್ಲಿರಲಿಲ್ಲ.

ಜೂನ್ 20ರಂದು ನಿರ್ಬಂಧಗಳೆಲ್ಲ ತೆರವಾದುವು. ಆ ಬಳಿಕ ಒಂದು ರವಿವಾರ ಹಾಸನದ ಹುಡುಗಿಯು ಕಾಚಿಗುಡಕ್ಕೆ ಬಂದಳು. ನಾವು ಅವಳ ಮುಖವನ್ನು ಕಂಡುದು ಅದೇ ಮೊದಲು. ಮಾಸ್ತರು ಬೆನ್ನಿಗೆ ದಿಂಬನ್ನಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದರು. ಪುಸ್ತಕವನ್ನು ನೋಡಿ ಪ್ರತಿಮಾಡಿಕೊಂಡು, ಅರ್ಧ ಮನೆಗಳಿಗೆ ತಾನೇ ಕರೆಮಾಡುವೆನೆಂದು ಆಕೆ ಹೇಳಿದಾಗ, ಮೊದಲು ಹೊಸ ಹೆಸರುಗಳನ್ನು ಬರೆಯಿರಿ ಎಂದರು. ಕೃಷ್ಣಾ ಮಂಡಲದ ವಾರ್ಡಿನ ಹುಡುಗನನ್ನು ಬರೆಯಿಸಿದರು. ಸ್ಕೂಟರಿನ ಸಾಹೇಬರ ಮನೆಯನ್ನು ಬರೆಯಿಸಿ, ಅಲ್ಲಿ ಉರ್ದುವಿನಲ್ಲಿಯೇ ಕೇಳಬೇಕೆಂದು ಹೇಳಿದರು. ಪಾಟೀಲರನ್ನು ಬರೆಯಿಸಿದರು. ಆಮೇಲೆ ಆ ಹುಡುಗಿಯ ಕಡೆಗೆ ತಿರುಗಿ, ಊಟಕ್ಕೇನು ಮಾಡುತ್ತಿ, ಜ್ವರ ಬಂದರೆ ಯಾರಿದ್ದಾರೆ ಎಂದು ವಿಚಾರಿಸಿದರು. ಅವಳು ನಕ್ಕು ಸುಮ್ಮನಾದಳು. “ಈಕೀ ಹೆಸರು ಎಲ್ಲಾರಕಿಂತ ಮ್ಯಾಲ ಬರೀರಿ” ಎಂದು ಮಾಸ್ತರು ನನಗೆ ಹೇಳಿದರು, “ಒಬ್ಬಾಕೀ ಇರ್ತಾಳ. ಮುಂಜಾನಿ ಎಂಟಕ್ಕ ಈಕೀಗಿ ನಾನ ಫೋನ್ ಮಾಡ್ತೀನಿ.”